ಗರಗಸ ಮುಟ್ಟಿದ ಎಲುಬು

"ಎಡಗೈಲಿ ಗಡ್ಡ ಕೆರ್ಕೊಳ್ಳೋ ಗಂಡಸನ್ನ ಇವತ್ತೇ ನೋಡಿದ್ದು ನಾನು. ಬಲಗೈ ಏನು, ಹೆಂಡ್ತಿ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿದ್ದಾಳಾ, ಚೂರಿರಾಯ?"

ಅತ್ತಿಗೆ ಕಲೀಚಾ ಅಂಗಳದ ಒಲೆಯ ಬಾಯಿಗೆ ಒಣಸಗಣಿ ತುರುಕುತ್ತ, ತಲೆ ಎತ್ತದೆಯೇ ಕೇಳಿದ್ದಳು. ತಲೆ ಎತ್ತದೆ ಎಲ್ಲವನ್ನೂ ನೋಡುವ ಹೆಂಗಸು ಅವಳು. ಅಬ್ದಿಶ್ ಗಡ್ಡದಿಂದ ಕೈ ತೆಗೆದು, ಬಲಗೈಗೆ ಈಗ ದೊಡ್ಡವರ ಸಹವಾಸ, ಗಡ್ಡದಂಥ ಚಿಲ್ಲರೆ ಕೆಲಸಕ್ಕೆಲ್ಲ ಬರುವುದಿಲ್ಲ ಎಂದು ಏನೋ ಹೇಳಿ ನಕ್ಕ. ಅವಳೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡ. ಆದರೆ ಗಡ್ಡದ ತುರಿಕೆ ಮುಗಿದಿರಲಿಲ್ಲ. ಈಗ ಎಡಗೈ ಎತ್ತುವ ಹಾಗಿಲ್ಲ, ಬಲಗೈ ಅಲ್ಲಿಯತನಕ ಏರುವುದಿಲ್ಲ. ಗೋಡೆಯ ಕಡೆ ತಿರುಗಿ, ಹೆಗಲಿಗೆ ದವಡೆ ಉಜ್ಜಿಕೊಂಡ, ಕಂಬಕ್ಕೆ ಮೈ ತಿಕ್ಕುವ ಕತ್ತೆಯ ಹಾಗೆ. ಕತ್ತೆ ಎಂಬ ಮಾತು ತನ್ನ ತಲೆಗೇ ಬಂದದ್ದಕ್ಕೆ ಅವನಿಗೆ ಸಿಟ್ಟು ಬಂತು.

ಚೂರಿರಾಯ ಎಂಬ ಹೆಸರು ಕಲೀಚಾ ಮದುಮಗಳಾಗಿ ಈ ಮನೆಗೆ ಬಂದ ವಾರವೇ ಕಟ್ಟಿದ್ದು. ಗಂಡನ ಕಡೆಯವರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಹಾಗಾಗಿ ಸೊಸೆಯಂದಿರು ತಾವೇ ಒಂದೊಂದು ಹೆಸರು ಹೊಲಿದು ತೊಡಿಸುತ್ತಾರೆ. ಕೆಲವರ ಪಾಲಿಗೆ ಬೆಕ್ಕಿನಕಣ್ಣ, ಬಾಯಿಬಡುಕ ಎಂಬಂಥವು ಬರುತ್ತವೆ. ಅವನ ಪಾಲಿಗೆ ಬಂದದ್ದು ರಾಜನ ಹೆಸರು. ಆಗ ಅವನಿಗೆ ಮೀಸೆ ಸರಿಯಾಗಿ ಕುಡಿಯೊಡೆದಿರಲಿಲ್ಲ, ಆದರೂ ಅವಳ ಮದುವೆಯ ಕುರಿಯನ್ನು ಕೀಲುಕೀಲಾಗಿ ಬಿಡಿಸಿ ಹರಿವಾಣಕ್ಕೆ ಹಾಕಿದವನು ಅವನೇ. ಕೊಡಲಿ ಇಲ್ಲ, ಬಡಿಯುವುದಿಲ್ಲ, ಚೂರಿಯ ತುದಿಯೇ ಸಂದು ಹುಡುಕಿಕೊಂಡು ಹೋಗಬೇಕು. ಒಂದು ಎಲುಬೂ ಒಡೆಯಬಾರದು. ಒಡೆದ ಎಲುಬನ್ನು ಅತಿಥಿಯ ಮುಂದಿಟ್ಟರೆ ಮುಖದ ಮೇಲೆ ಬೈದ ಹಾಗೆ, ಬೀಗರ ಮುಂದಿಟ್ಟರೆ ಮಗಳನ್ನೇ ಮುರಿದು ಕಳಿಸಿದ ಹಾಗೆ. ನದಿಯ ಈ ದಂಡೆಯಲ್ಲಿ ಎಷ್ಟು ಮದುವೆ, ಎಷ್ಟು ತಿಥಿ, ಯಾರ ಮನೆಯ ಕುರಿಯೇ ಇರಲಿ, ಅಬ್ದಿಶ್ ಬಂದನೋ ಎಂದು ಕೇಳಿಯೇ ನೀರು ಕಾಯಿಸುತ್ತಿದ್ದರು.

ಇವತ್ತು ಬರುವವರು ಬೀಗರೇ. ಅಣ್ಣ ತೀರಿಕೊಂಡ ಮೇಲೆ ಕಲೀಚಾ ಒಬ್ಬಳೇ ಸಾಕಿದ ಮಗಳು ಜಿಬೆಕ್ ಕಳೆದ ಬೇಸಿಗೆಯಲ್ಲಿ ಮದುವೆಯಾಗಿ ಬೆಟ್ಟದ ಆಚೆ ಬದಿಗೆ ಹೋಗಿದ್ದಳು. ಅವಳ ಮಾವ ಮಾಂಬೆತ್ ತನ್ನ ಹೆಂಡತಿಯ ಜೊತೆ ಮೊದಲ ಸಲ ಹೆಣ್ಣಿನ ಮನೆಯ ಹೊಸ್ತಿಲು ತುಳಿಯಲು ಬರುತ್ತಿದ್ದ. ತಂದೆಯ ಜಾಗದಲ್ಲಿ ಕೂರಬೇಕಾದವನು ಅಬ್ದಿಶ್, ಕುರಿ ಬಿಡಿಸಬೇಕಾದವನೂ ಅವನೇ. ಪಕ್ಕದ ಮನೆಯ ಕುಬಾತ್‌ನನ್ನು ಸಹಾಯಕ್ಕೆ ಕರೆದಿದ್ದರು. ಕುಬಾತ್ ಒಳ್ಳೆಯವನೇ, ಗಟ್ಟಿ ಆಳು, ಆದರೆ ಕೀಲು ಸಿಗದಿದ್ದರೆ ಕಣ್ಣು ಕೊಡಲಿಯ ಕಡೆ ಓಡುವ ಜಾತಿ.

ಅಬ್ದಿಶ್ ಬಿದ್ದು ಬಲಗೈ ಮುರಿದುಕೊಂಡದ್ದಾದರೂ ಹೇಗೆ? ಓಡುವ ಕುದುರೆಯಿಂದ ಬಿದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ನಿಂತ ಕುದುರೆ, ರಸ್ತೆಬದಿ, ಯಾರದೋ ಹಸು ಕರು ಹಾಕಿದ ವಿಷಯ ಮಾತಾಡುತ್ತ ಒಂದು ಕಾಲು ಜೀನಿನ ರಿಕಾಪಿನಿಂದ ತೆಗೆದಿದ್ದ, ಅಷ್ಟೇ. ಆಕಾಶ ಒಮ್ಮೆ ಪಕ್ಕಕ್ಕೆ ವಾಲಿತು, ಮೊಣಕೈ ಕಲ್ಲಿಗೆ ತಾಗಿದ ಸದ್ದು ಅವನಿಗೇ ಕೇಳಿಸಿತು. ಕೀಲಿನ ಸದ್ದಲ್ಲ, ಎಲುಬಿನ ಸದ್ದು. ವ್ಯತ್ಯಾಸ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು. ನರಿನ್ ಪೇಟೆಯ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಅಣ್ಣನನ್ನು ಕರೆದ ಹಾಗೆ ಬೈಕೆ ಬೈಕೆ ಎನ್ನುತ್ತಲೇ ವಿಷಯ ಬಿಡಿಸಿ ಹೇಳಿದ್ದಳು. ತೋಳಿನೆಲುಬಿನ ಕೆಳತುದಿ ಕೀಲಿನ ಒಳಗೇ ಚೂರುಚೂರಾಗಿದೆ. ಆ ಚೂರುಗಳನ್ನು ಮುಟ್ಟಬೇಕಾದರೆ ದಾರಿಗೆ ಅಡ್ಡ ನಿಂತಿರುವ ಮೊಣಕೈ ಮೊನೆಯನ್ನು ಗರಗಸದಿಂದ ಕೊಯ್ದು, ಬಾಗಿಲ ಹಾಗೆ ಮೇಲಕ್ಕೆತ್ತಿ, ಒಳಗೆ ಲೋಹದ ಪಟ್ಟಿ ಕೂರಿಸಿ, ಮೊನೆಯನ್ನು ಮತ್ತೆ ತಂದು ತಂತಿಯಿಂದ ಕಟ್ಟಬೇಕು. ಆ ಮೊನೆ ಮುರಿದಿದೆಯಾ ಎಂದು ಅವನು ಕೇಳಿದ. ಇಲ್ಲ, ಅದು ಚೆನ್ನಾಗಿದೆ ಎಂದಳು. ಚೆನ್ನಾಗಿರುವ ಎಲುಬನ್ನು ಯಾಕೆ ಕೊಯ್ಯುತ್ತೀ ತಾಯಿ, ಸಂದಿನಿಂದ ಹೋಗು, ನಾನು ಇಷ್ಟು ವರ್ಷ ಸಂದಿನಿಂದಲೇ ಹೋಗಿದ್ದೇನೆ ಎಂದು ಅವನು ಮಂಚದ ಮೇಲೆ ಎದ್ದು ಕೂತಿದ್ದ. ಅವಳು ಅವನ ಕಸುಬನ್ನು ವಿವರವಾಗಿ ಕೇಳಿ ತಿಳಿದುಕೊಂಡು, ನಗದೆ, ಗೌರವದಿಂದಲೇ ಹೇಳಿದ್ದು ಒಂದು ಮಾತು: "ನಿಮ್ಮ ಕುರಿ ಆಮೇಲೆ ಎದ್ದು ನಡೀಬೇಕಾಗಿರಲ್ಲವಲ್ಲ, ಬೈಕೆ."

ಕೊಯ್ದರು, ಕಟ್ಟಿದರು. ಮೊನ್ನೆ ಹುಲ್ಲು ಕೊಯ್ಲು ಮುಗಿದ ಮೇಲೆ ಮನೆಯವರ್ಯಾರನ್ನೂ ಕರೆಯದೆ ಬಾಡಿಗೆ ಕಾರಿನಲ್ಲಿ ನಾಲ್ಕು ಜನರ ನಡುವೆ ಮೊಣಕೈಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತೋರಿಸಲು ಹೋದಾಗ, ಅದೇ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದಳು. ಆಮೇಲೆ, ಮುರಿದದ್ದು ಕೂಡಿದೆ, ನಾವು ಕೊಯ್ದದ್ದು ಕೂಡಿಲ್ಲ ಎಂದಳು. ಸುತ್ತಿಬಳಸದೆ ಹೇಳಿದ್ದಕ್ಕೆ ಅವಳ ಮೇಲೆ ಗೌರವ ಬಂತು, ಅದೇ ಕಾರಣಕ್ಕೆ ಕೋಪವೂ ಬಂತು. ತಂತಿ ಸಡಿಲಾಗಿ ಅದರ ತುದಿ ಚರ್ಮದಡಿ ಚುಚ್ಚುತ್ತಿದೆ, ಕೀಲು ಬಿಗಿದುಕೊಂಡಿದೆ, ಉಂಗುರದ ಬೆರಳು ಕಿರುಬೆರಳಿಗೆ ಹೋಗುವ ನರ ಒತ್ತಿಹೋಗಿದೆ. ಮತ್ತೆ ತೆರೆಯಬೇಕು. ಸೊಂಟದಿಂದ ಸ್ವಲ್ಪ ಎಲುಬು ಕೆರೆದು ತಂದು ಆ ಸಂದಿಗೆ ತುಂಬಬೇಕು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಬನ್ನಿ, ವಸಂತದವರೆಗೆ ಬಿಟ್ಟರೆ ಆ ಎರಡು ಬೆರಳು ನಿಮ್ಮ ಮಾತು ಕೇಳುತ್ತವೆ ಅಂತ ನಾನು ಹೇಳಲಾರೆ ಎಂದಳು. ನೋಡೋಣ ಎಂದು ಅವನು ಟೋಪಿ ಹಾಕಿಕೊಂಡ. ಮನೆಗೆ ಬಂದು ಹೆಂಡತಿ ಬುರುಲ್‌ಗೆ ಹೇಳಿದ್ದು ಮಾತ್ರ, ಎಲ್ಲ ಚೆನ್ನಾಗಿದೆಯಂತೆ, ತಾನಾಗಿಯೇ ಸಡಿಲವಾಗುತ್ತದಂತೆ ಎಂದು.

ಬುರುಲ್ ಅದನ್ನು ನಂಬಿದಳು. ನಂಬಿದ್ದೇ ಅವನಿಗೆ ಕಷ್ಟವಾಗಿತ್ತು. ದಿನಾ ಸಂಜೆ ಕುರಿಯ ಬಾಲದ ಕೊಬ್ಬನ್ನು ಕರಗಿಸಿ ಮೊಣಕೈಗೆ ತಿಕ್ಕುತ್ತಾಳೆ, ನಿನ್ನೆಗಿಂತ ಬೆರಳಗಲ ಜಾಸ್ತಿ ಬಾಗಿತು ನೋಡಿ ಎನ್ನುತ್ತಾಳೆ. ಬಾಗಿರುವುದಿಲ್ಲ. ಅವಳ ಹೆಬ್ಬೆರಳು ತಂತಿಯ ತುದಿಯ ಮೇಲೆ ಹಾದಾಗ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಹೌದು, ಬಾಗಿತು ಎನ್ನುತ್ತಾನೆ. ಈಗಲೂ ಅವಳು ನೀರಿನ ಬಿಂದಿಗೆ ಇಳಿಸುತ್ತ ಕುಬಾತ್‌ಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು: ಡಾಕ್ಟರಮ್ಮನೇ ಬೆರಗಾದಳಂತೆ, ಈ ವಯಸ್ಸಿಗೆ ಇಂಥ ಎಲುಬು ನೋಡಿಲ್ಲ ಅಂದಳಂತೆ. ಅವನು ಅಷ್ಟು ಹೇಳಿರಲಿಲ್ಲ. ಅವನ ಸುಳ್ಳಿಗೆ ಅವಳು ತನ್ನ ಕಡೆಯಿಂದ ಸ್ವಲ್ಪ ಬೆಣ್ಣೆ ಹಚ್ಚಿದ್ದಳು. ಹೆಂಡತಿಯ ಹೆಮ್ಮೆಯೊಳಗೆ ಕೂತಿರುವುದು ಎಷ್ಟು ಬೆಚ್ಚಗಿದೆ, ಎಷ್ಟು ಅವಮಾನ ಎಂದು ಅವನಿಗೆ ಒಟ್ಟೊಟ್ಟಿಗೇ ಅನ್ನಿಸಿತು.

ಬೀಗರ ಕಾರು ಬಂತು. ಮಾಂಬೆತ್ ಎತ್ತರದ ಮುದುಕ, ಬಿಳಿ ಉಣ್ಣೆಯ ಟೋಪಿಯಲ್ಲಿ ಇನ್ನೂ ಎತ್ತರ, ಮಾತು ಕಡಿಮೆ. ಅಪ್ಪಿಕೊಳ್ಳುವಾಗ ಅಬ್ದಿಶ್ ಎಡದೋಳನ್ನು ಜೋರಾಗಿ ಬಳಸಿ ಬಲದೋಳಿನ ಕೊರತೆ ತುಂಬಿದ. ಕುಬಾತ್ ಕುರಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ, ಅತಿಥಿಗಳು ನೋಡಿ ಹರಸಿದ ಮೇಲೆಯೇ ಅದನ್ನು ಕೊಯ್ಯುವುದು. ಎಲ್ಲರೂ ಅಂಗೈ ಬಿಡಿಸಿ ನಿಂತರು, ಮಾಂಬೆತ್ ಎರಡು ಮಾತು ಹರಸಿ ಓಮಿಯಿನ್ ಎಂದ, ಎಲ್ಲರ ಕೈಗಳೂ ಮೇಲೇರಿ ಮುಖ ಸವರಿಕೊಂಡು ಇಳಿದವು. ಅಬ್ದಿಶ್‌ನ ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಅದಕ್ಕೆ ಅವನು ಆಸ್ಪತ್ರೆಯಿಂದ ಬಂದಂದಿನಿಂದ ಒಂದು ಉಪಾಯ ಮಾಡಿಕೊಂಡಿದ್ದ. ಕೈ ಮುಖಕ್ಕೆ ಬಾರದಿದ್ದರೆ ಮುಖವೇ ಕೈಗೆ ಹೋಗಲಿ. ಬೆನ್ನು ಬಾಗಿಸಿ, ಕತ್ತು ತಗ್ಗಿಸಿ, ಅಂಗೈಯೊಳಗೆ ಮುಖ ಇಟ್ಟು, ನಿಧಾನವಾಗಿ ಏಳುತ್ತಿದ್ದ. ನಿಧಾನ ಯಾಕೆಂದರೆ ನೋವು. ಊರಿನವರು ಅದನ್ನು ನೋಡಿ ತಮ್ಮತಮ್ಮೊಳಗೆ ಬೇರೆಯೇ ಅರ್ಥ ಮಾಡಿಕೊಂಡಿದ್ದರು. ಸಾವಿನ ಹತ್ತಿರ ಹೋಗಿಬಂದ ಮನುಷ್ಯ, ದೇವರ ಭಯ ಬಂದಿದೆ, ಎಷ್ಟು ತಗ್ಗುತ್ತಾನೆ ನೋಡಿ ಎನ್ನುತ್ತಿದ್ದರು. ನಿಂತ ಕುದುರೆಯಿಂದ ಬಿದ್ದವನು ಸಾವಿನ ಹತ್ತಿರ ಯಾವಾಗ ಹೋದ ಎಂದು ಯಾರೂ ಕೇಳಲಿಲ್ಲ. ಅವನೂ ತಿದ್ದಲಿಲ್ಲ. ಕೈಲಾಗದವ ಎನಿಸಿಕೊಳ್ಳುವುದಕ್ಕಿಂತ ಭಕ್ತ ಎನಿಸಿಕೊಳ್ಳುವುದು ವಾಸಿ ಎನಿಸಿತ್ತು. ಇವತ್ತು ತಲೆ ಎತ್ತಿದಾಗ ಮಾಂಬೆತ್ ತನ್ನನ್ನೇ ನೋಡುತ್ತಿದ್ದ.

ಅತಿಥಿಗಳು ಒಳಗೆ ಚಹಾಕ್ಕೆ ಕೂತರು. ಕುಬಾತ್ ಕುರಿ ಕೊಯ್ದು ಚರ್ಮ ಬಿಡಿಸಿ ತೊಳೆದಿಟ್ಟ. ಅಬ್ದಿಶ್ ಅಂಗಿಯ ತೋಳು ಮಡಿಚಿ ಬಲಗೈಗೆ ಚೂರಿ ತೆಗೆದುಕೊಂಡ. ಹಿಡಿ ಅಂಗೈಗೆ ಕೂತಾಗ ಹಳೆಯ ಸುಖವೊಂದು ಮೈಗೆ ಬಂತು. ಮೊದಲ ಕೀಲು ಬಂತು, ಎರಡನೆಯದೂ ಬಂತು. ನಾಯಿ ಆಕಳಿಸಿತು, ಸೂರ್ಯ ಹಿತ್ತಲ ಪಾಪ್ಲರ್ ಮರಗಳ ನೆತ್ತಿಯಲ್ಲಿದ್ದ, ಡಾಕ್ಟರು ಹೇಳಿದ್ದೆಲ್ಲ ಯಾರೋ ಬೇರೆಯವರ ಕೈಯ ಸುದ್ದಿ ಇದ್ದೀತು. ಮುಂಗಾಲಿಗೆ ಬಂದ. ಮಾಂಸ ಸರಿಸಿ ಮೊಣಕೈ ಕೀಲಿನ ಮೇಲೆ ಚೂರಿ ಇಟ್ಟು ಒತ್ತಬೇಕು, ಅಷ್ಟರಲ್ಲಿ ಕೊನೆಯ ಎರಡು ಬೆರಳು ಇಲ್ಲವಾದವು. ನೋವಲ್ಲ, ಅಲ್ಲಿ ಬೆರಳಿದ್ದ ಸುದ್ದಿಯೇ ಇಲ್ಲ. ಚೂರಿ ಹಲಗೆಗೆ ತಾಗಿ, ಮಣ್ಣಿಗೆ ಬಿತ್ತು.

ಅವನು ಕಾದ. ಅತ್ತಿಗೆ ನಾಲ್ಕು ಹೆಜ್ಜೆ ಆಚೆ ಕಡಾಯಿ ಉಜ್ಜುತ್ತಿದ್ದಳು, ಬಿದ್ದದ್ದನ್ನು ಕಂಡಿದ್ದಳು. ಈಗ ಬರುತ್ತದೆ ಮಾತು, ಚೂರಿರಾಯನ ಪಟ್ಟ ಹೋಯಿತು, ನಾಳೆಯಿಂದ ಸೌಟುರಾಯ ಎಂದೋ, ಇನ್ನೂ ಕೆಟ್ಟದ್ದೋ. ಅದಕ್ಕೊಂದು ಮರುಮಾತನ್ನು ಸಿದ್ಧಮಾಡಿಕೊಂಡೂ ಇದ್ದ. ಕಲೀಚಾ ಕಡಾಯಿ ಬಿಟ್ಟು ಬಂದು, ಚೂರಿಯನ್ನು ಎತ್ತಿ, ತನ್ನ ಲಂಗದಂಚಿಗೆ ಒರೆಸಿ, ಹಿಡಿ ಅವನ ಕಡೆ ಮಾಡಿ ಹಲಗೆಯ ಮೇಲಿಟ್ಟು ಹೋದಳು. ಅಣ್ಣ ಸತ್ತ ದಿನವೂ ಅವನನ್ನು ಒಂದು ಮಾತು ಕೆಣಕಿದ ಹೆಂಗಸು ಅವಳು, ಅಳಬೇಡ ಚೂರಿರಾಯ, ನಿನ್ನ ಮೂಗು ಮೊದಲೇ ದೊಡ್ಡದು ಎಂದಿದ್ದಳು. ಅವಳು ತಮಾಷೆ ಮಾಡದೆ ಹೋದದ್ದು ಬೆನ್ನಿನ ಮೇಲೆ ಮಂಜುಗಡ್ಡೆ ಇಟ್ಟ ಹಾಗಾಯಿತು. ಗುಟ್ಟು ಇನ್ನು ಗುಟ್ಟಾಗಿ ಉಳಿದಿಲ್ಲ, ಅಷ್ಟೇ ಅಲ್ಲ, ಕನಿಕರವಾಗಿಬಿಟ್ಟಿದೆ.

"ಕೊಡಿ ಬೈಕೆ, ಮುಂಗಾಲು ನಾನು ಮುಗಿಸ್ತೀನಿ," ಎಂದ ಕುಬಾತ್. ಅವನ ಕಣ್ಣು ಆಗಲೇ ಕೊಡಲಿ ಒರಗಿಸಿದ್ದ ಗೋಡೆಗೆ ಹೋಗಿ ಬಂದಿತ್ತು.

ಕೊಟ್ಟುಬಿಡಬಹುದಿತ್ತು. ವಯಸ್ಸಾಯಿತು, ಕಿರಿಯರು ಕಲಿಯಲಿ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಜಿಬೆಕ್ ಆಚೆ ಮನೆಯಲ್ಲಿ ಒಡೆದ ಎಲುಬಿನ ಸೊಸೆ ಎನಿಸಿಕೊಳ್ಳುವುದನ್ನು ಅವನು ನೆನೆಯಲಾರದಾದ. ನೆನೆಯಲಾರದ್ದು ಅದೊಂದೇ ಎಂದು ತನಗೆ ತಾನೇ ಹೇಳಿಕೊಂಡ, ಅಷ್ಟು ನಿಜವಲ್ಲ ಎಂದೂ ಗೊತ್ತಿತ್ತು. ಕಾಲನ್ನು ಗಟ್ಟಿಯಾಗಿ ಹಿಡಿ, ಎಳೆಯಬೇಡ, ನಾನು ಹೇಳಿದಾಗ ಮಾತ್ರ ಬಾಗಿಸು ಎಂದು ಕುಬಾತ್‌ಗೆ ಹೇಳಿ ಚೂರಿಯನ್ನು ಎಡಗೈಗೆ ತೆಗೆದುಕೊಂಡ. ಎಡಗೈಗೆ ಏನೂ ಗೊತ್ತಿರಲಿಲ್ಲ. ಅದಕ್ಕೆ ಒಂದೊಂದನ್ನೂ ಹೇಳಿಕೊಡಬೇಕಾಯಿತು, ಇಲ್ಲಿ ಅಲ್ಲ, ಇನ್ನೂ ಕೆಳಗೆ, ಮೆತ್ತಗೆ, ದನಿ ಏರಿಸದೆ. ಬೆವರು ಕಣ್ಣಿಗಿಳಿಯಿತು. ಬಾಗಿಸು ಎಂದ. ಮೊಣಕೈ ಮೊನೆ, ಆ ಸಣ್ಣ ಕೊಕ್ಕೆಯಂಥ ಎಲುಬು, ತನ್ನ ಗುಂಡಿಯಿಂದ ಸುಮ್ಮನೆ ಹೊರಗೆ ಬಂತು. ಬಿಳಿ, ನುಣುಪು, ಒದ್ದೆ, ಗೀರೂ ಇಲ್ಲ. ಅವನದೂ ಹೀಗೇ ಇತ್ತು. ಇದರ ಮೇಲೆಯೇ ಗರಗಸ ಓಡಿದ್ದು. ಡಾಕ್ಟರು ಬೇಕೆಂದೇ ಓಡಿಸಿರಲಾರಳು. ಸತ್ತದ್ದನ್ನು ಬಿಡಿಸುವುದು ಒಂದು, ಬದುಕಿರುವುದನ್ನು ಬಿಡಿಸಿ ಮತ್ತೆ ಕೂಡಿಸುವುದು ಇನ್ನೊಂದು. ತನಗೆ ಮೊದಲನೆಯದು ಮಾತ್ರ ಗೊತ್ತು. ಹೀಗೆ ಅಂದುಕೊಳ್ಳುವುದಕ್ಕೆ ತನಗೆ ಇಷ್ಟು ತಿಂಗಳು ಬೇಕಾಯಿತಲ್ಲ ಎಂದು ನಗು ಬಂತು, ಆದರೆ ಇನ್ನೊಂದು ಮುಂಗಾಲು ಬಾಕಿ ಇತ್ತು.

ಸಂಜೆಯ ಹೊತ್ತಿಗೆ ಮಾಂಸ ಬೆಂದು ಹರಿವಾಣದಲ್ಲಿ ಬಂತು. ವಯಸ್ಸಿನ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಅವರವರ ಎಲುಬು ಹಂಚಿದ. ಸೊಂಟದ ಎಲುಬು ಮಾಂಬೆತ್‌ಗೆ, ಬಾಲದ ಕಡೆಯದು ಅವನ ಹೆಂಡತಿಗೆ. ತಾನು ತಿನ್ನಲಿಲ್ಲ. ಬಡಿಸುವವನಿಗೆ ಪುರುಸೊತ್ತೆಲ್ಲಿ ಎಂದು ಓಡಾಡಿದ. ಬಾಯಿಗೆ ಬಲಗೈ ಹೋಗದಿರುವುದಕ್ಕೆ ಇದಕ್ಕಿಂತ ಮರ್ಯಾದೆಯ ನೆಪ ಇರಲಿಲ್ಲ. ಓಡಾಡುತ್ತಲೇ ಮಾಂಬೆತ್‌ನ ಬೆರಳುಗಳನ್ನು ನೋಡುತ್ತಿದ್ದ. ಮುದುಕ ಮಾಂಸವನ್ನು ಚೂರಿಯಿಂದ ಶ್ರದ್ಧೆಯಾಗಿ ಬಿಡಿಸುತ್ತ ಎಲುಬನ್ನು ತಿರುಗಿಸುತ್ತಿದ್ದ. ಈಗ ಕಾಣುತ್ತದೆ, ಈಗ ಹೇಳುತ್ತಾನೆ, ಯಾರ ಕೈ ಇದು ಎಂದು ಕೇಳುತ್ತಾನೆ. ಬಾಯಿತುದಿಗೆ ಒಂದು ವಿನಯದ ಉತ್ತರವನ್ನೂ ತಂದಿಟ್ಟುಕೊಂಡಿದ್ದ. ಮುದುಕ ತಿಂದು ಮುಗಿಸಿ, ಎಲುಬು ಕೆಳಗಿಟ್ಟು, ಕೈ ಒರೆಸಿಕೊಂಡ. ಒಳ್ಳೆಯ ಮನೆಯಲ್ಲಿ ಒಡೆಯದ ಎಲುಬು ಇರುವುದೇ ರೂಢಿ, ಅದನ್ನು ಯಾರು ಹೊಗಳುತ್ತಾರೆ. ಚೂರಿ ಬೀಳದಿರುವವರೆಗೆ ಚೂರಿ ಇದೆ ಎಂದೇ ಯಾರಿಗೂ ಕಾಣುವುದಿಲ್ಲ.

ಊಟದ ಕೊನೆಯ ಹರಕೆ ಮನೆಯವನದು. ಅಬ್ದಿಶ್ ಅಂಗೈ ಬಿಡಿಸಿ, ಎರಡು ಮನೆಗಳ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯದಿರಲಿ ಎಂದು ಹರಸಿದ. ಓಮಿಯಿನ್ ಎಂದರು ಎಲ್ಲರೂ. ಅವನು ಬೆನ್ನು ಬಾಗಿಸಿ ಮುಖವನ್ನು ಕೈಗೆ ತಂದ. ಎದ್ದಾಗ ಮಾಂಬೆತ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.

"ಬೀಗರೇ, ನಮ್ಮ ಕಡೆ ಮಸೀದಿ ಬಿಟ್ಟು ಏಳದೇ ಇರೋರೂ ಇಷ್ಟು ತಗ್ಗಲ್ಲ," ಎಂದ. "ಬೆಳಿಗ್ಗೇನೂ ನೋಡಿದೆ, ಈಗ್ಲೂ ನೋಡಿದೆ. ಇಂಥವರ ಮನೆಯಿಂದ ಸೊಸೆ ತಂದ್ವಲ್ಲ ಅಂತ ಊರಿಗೆ ಹೋಗಿ ಹೇಳ್ತೀನಿ."

ಮಾಂಬೆತ್‌ನ ಹೆಂಡತಿ ತಲೆಯಾಡಿಸಿದಳು. ಬುರುಲ್ ಚಹಾ ಕಾಯಿಸುವ ಸಮಾವರದ ಹಿಂದೆ ಕೂತವಳು ಅರಳಿದಳು. ಸುಮ್ಮನಿದ್ದರೆ ಸಾಕಿತ್ತು, ಒಂದು ಸಲ ಕಣ್ಣು ತಗ್ಗಿಸಿದ್ದರೆ ಸಾಕಿತ್ತು, ಜಿಬೆಕ್‌ಗೆ ಜೀವಮಾನದ ಒಳ್ಳೆಯ ಹೆಸರು. ಆದರೆ ಅವನೊಳಗೆ ಏನೋ ಹಟ ಹಿಡಿದು ಎದ್ದು ನಿಂತಿತು. ತನ್ನದಾದ ಹೊಗಳಿಕೆ ಎಲುಬುಗಳ ಜೊತೆ ಹರಿವಾಣದಲ್ಲಿ ಬಿದ್ದಿದೆ, ಯಾರೂ ಎತ್ತಿಕೊಡಲಿಲ್ಲ. ಈಗ ತಂತಿಯ ತುಂಡೊಂದು ಸಂಪಾದಿಸಿದ ಹೊಗಳಿಕೆಯನ್ನು ತಂದು ಕೈಗಿಡುತ್ತಿದ್ದಾರೆ. ಬಿದ್ದದ್ದನ್ನು ಎತ್ತಿ ಒರೆಸಿ ಕೊಟ್ಟ ಅತ್ತಿಗೆಯ ಕನಿಕರವನ್ನೂ ತಡೆದುಕೊಂಡಾನು, ಇದನ್ನು ತಡೆಯಲಾರ. ತನ್ನದಲ್ಲದ ಎಲುಬನ್ನು ಅವನು ಯಾವತ್ತೂ ಯಾವ ಊಟದಲ್ಲೂ ತಿಂದಿರಲಿಲ್ಲ.

"ಭಕ್ತಿ ಅಲ್ಲ ಬೀಗರೇ," ಎಂದ. "ಕೈ ಮುಖದ ತನಕ ಬರಲ್ಲ. ಅದಕ್ಕೆ ಮುಖಾನೇ ಕೆಳಗೆ ತಗೊಂಡು ಹೋಗ್ತೀನಿ."

ಆಮೇಲೆ ಮಾತು ತಾನಾಗಿಯೇ ಬಂತು. ಮುರಿದದ್ದು ಕೂಡಿದೆ, ಆಸ್ಪತ್ರೆಯಲ್ಲಿ ಕೊಯ್ದದ್ದು ಕೂಡಿಲ್ಲ, ತಂತಿ ಹೊರಗೆ ಬರುತ್ತಿದೆ, ಎರಡು ಬೆರಳು ಸತ್ತ ಹಾಗಿವೆ ಎಂದ. ಬಿದ್ದದ್ದು ನಿಂತ ಕುದುರೆಯಿಂದ ಎಂದೂ ಹೇಳಿದ, ಅದನ್ನು ಯಾರೂ ಕೇಳಿರಲಿಲ್ಲ. ಮತ್ತೆ ತೆರೆಯಬೇಕಂತೆ, ಹಿಮ ಬೀಳುವ ಮೊದಲು ಹೋಗುತ್ತೇನೆ ಎಂದ. ಹೋಗುತ್ತೇನೆ ಎಂಬ ಮಾತು ತನ್ನ ಬಾಯಿಂದಲೇ ಬಂದಾಗ ಅವನೇ ಕಿವಿಗೊಟ್ಟು ಕೇಳಿದ. ಅದುವರೆಗೆ ಅದು ಅವನಿಗೂ ಗೊತ್ತಿರಲಿಲ್ಲ. ಬುರುಲ್ ಕಡೆ ನೋಡಲಿಲ್ಲ.

ಮಾಂಬೆತ್ ಅವಸರದ ಮನುಷ್ಯನಲ್ಲ. ಕೊನೆಗೆ ಹರಿವಾಣದ ಕಡೆ ಗದ್ದ ತೋರಿಸಿ, "ಹಂಗಾದ್ರೆ ಈ ಕುರಿ ಯಾರು ಬಿಡ್ಸಿದ್ದು?" ಎಂದು ಕೇಳಿದ.

"ನಾನೇ. ಮುಂಗಾಲಿಂದ ಆಚೆಗೆ ಎಡಗೈಲಿ."

ಮುದುಕ ಬಾಗಿ, ತನ್ನ ಮುಂದಿದ್ದ ಎಲುಬನ್ನೂ, ಪಕ್ಕದವರ ಮುಂದಿದ್ದದ್ದನ್ನೂ, ಕುಬಾತ್‌ನ ಮುಂದಿದ್ದ ಮುಂಗಾಲಿನದನ್ನೂ ಎತ್ತಿ, ತುದಿಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಎಡಗೈಲಿ, ಎಂದು ತನಗೆ ತಾನೇ ಹೇಳಿಕೊಂಡ. ಟೋಪಿ ಇನ್ನೂ ತೊಡೆಯ ಮೇಲೆಯೇ ಇತ್ತು. ಅಬ್ದಿಶ್‌ಗೆ ಎದೆಯೊಳಗೆ ಏನೋ ತನ್ನ ಗುಂಡಿಗೆ ಬಂದು ಕೂತ ಹಾಗಾಯಿತು, ಸದ್ದಿಲ್ಲದೆ.

ಬಾಗಿಲ ಬಳಿಯಿಂದ ಕಲೀಚಾಳ ದನಿ ಬಂತು. "ಮೊನ್ನೆ ಮುಲ್ಲಾ ಇವನನ್ನೇ ತೋರ್ಸಿ ನಮಗೆಲ್ಲಾ ಬೈದ್ರಲ್ಲ, ಇವನ ಹಾಗೆ ತಗ್ಗಿ ಬಗ್ಗಿ ಅಂತ. ಅವತ್ತಿಂದ ನಾನು ಸೊಂಟ ಹಿಡ್ಕೊಂಡು ಬಗ್ತಾ ಇದ್ದದ್ದು ನಿನ್ನ ತಂತಿ ತುಂಡಿಗಾ, ಚೂರಿರಾಯ?"

"ಸೊಂಟಕ್ಕೆ ಒಳ್ಳೇದು ಅತ್ತಿಗೆ. ನಾನು ಆಸ್ಪತ್ರೆಯಿಂದ ಬರೋ ತನಕ ನಿಲ್ಲಿಸ್ಬೇಡ."

ಮೊದಲು ನಕ್ಕವಳು ಮಾಂಬೆತ್‌ನ ಹೆಂಡತಿ. ನಗು ಕೋಣೆ ಸುತ್ತಿ ಬರುವಷ್ಟರಲ್ಲಿ ಬುರುಲ್ ಸಮಾವರದ ನಲ್ಲಿ ತಿರುಗಿಸಿದ್ದಳು. ಬಟ್ಟಲಿಗೆ ತಳ ಮುಚ್ಚುವಷ್ಟೇ ಚಹಾ ಸುರಿದು ಮತ್ತೆ ಮತ್ತೆ ಕೇಳಿ ಹಾಕುವುದು ಕೂತಿರು ಎನ್ನುವ ಮರ್ಯಾದೆ. ತುಂಬಿ ಕೊಟ್ಟರೆ ಕುಡಿದು ಎದ್ದು ಹೊರಡು ಎಂದು ಅರ್ಥ. ಬುರುಲ್ ಬೀಗರ ಬಟ್ಟಲುಗಳಿಗೆಲ್ಲ ತಳ ಮುಚ್ಚುವಷ್ಟು ಹಾಕಿದಳು. ಗಂಡನ ಬಟ್ಟಲಿಗೆ ಮಾತ್ರ ಅಂಚು ಮೀರಿ ನಡುಗುವಷ್ಟು ತುಂಬಿ, ಅವನ ಮುಖ ನೋಡದೆ, ಮುಂದೆ ಚಾಚಿದಳು. ಅಬ್ದಿಶ್ ಎಲ್ಲರೂ ನೋಡುತ್ತಿರುವಂತೆ ಎಡಗೈ ನೀಡಿ ಅದನ್ನು ತೆಗೆದುಕೊಂಡ. ಒಂದು ಹನಿಯೂ ಚೆಲ್ಲಲಿಲ್ಲ.